‘ಅಬ್ಬಾಗೂ ಅಂಥದ್ದೇ ಕನಸು ಬಿದ್ದರೆ?’

ಪ್ರಶ್ನೆ: ನಮ್ಮದು ಹರಿಹರ. ಮಗಳಿಗೆ 11 ವರ್ಷ, ಮಗನಿಗೆ 7. ಬಕ್ರೀದ್‌ಗೆ ಹತ್ತು ದಿನ ಇರುವಾಗ ನಮ್ಮ ಅತ್ತೆ ಮಕ್ಕಳನ್ನು ಪಕ್ಕದಲ್ಲಿ ಮಲಗಿಸಿಕೊಂಡು ಕನಸಿನಲ್ಲಿ ಬಂದ ಆಜ್ಞೆಯಂತೆ ಮಗ ಇಸ್ಮಾಯೀಲರನ್ನು ಬಲಿ ಕೊಡಲು ಹೊರಟ ಪ್ರವಾದಿ ಇಬ್ರಾಹೀಮ್ ಅಲೈಹಿಸ್ಸಲಾಮರ ಕಥೆ ಹೇಳಿದರು. ಅವತ್ತಿನಿಂದ ಮಗ ಅಪ್ಪನ ಪಕ್ಕ ಮಲಗುವುದನ್ನೇ ಬಿಟ್ಟ. ಒಂದು ರಾತ್ರಿ ನನ್ನ ಕಿವಿಗೆ ಬಾಯಿಟ್ಟು, ‘ಅಮ್ಮೀ, ಅಬ್ಬಾಗೂ ಅಂಥದ್ದೇ ಕನಸು ಬಿದ್ದರೆ?’ ಎಂದ. ಹಿತ್ತಲಲ್ಲಿ ಕಟ್ಟಿದ್ದ ಹೋತಕ್ಕೆ ಅವನೇ ಶೇರು ಅಂತ ಹೆಸರಿಟ್ಟಿದ್ದ. ಹಬ್ಬದ ದಿನ ಊಟ ಮುಟ್ಟಲಿಲ್ಲ. ಮಗಳದ್ದು ಇನ್ನೊಂದು. ಅಣ್ಣಂದಿರು ಬಾವಿಗೆ ಹಾಕಿದ, ತಂದೆ ಯಅಕೂಬರು ಅತ್ತು ಅತ್ತು ಕಾದ ಯೂಸುಫ್ ಅಲೈಹಿಸ್ಸಲಾಮರ ಕಥೆ ಕೇಳಿದ ಮೇಲೆ, ‘ನಾನು ಬಾವಿಗೆ ಬಿದ್ದಿದ್ರೆ ಅಬ್ಬಾ ಅಷ್ಟು ಅಳ್ತಿರಲಿಲ್ಲ ಬಿಡು’ ಎಂದು ಚುಚ್ಚುತ್ತಾಳೆ. ‘ಪೈಗಂಬರರ ಕಥೆಗೆ ಎದುರು ಪ್ರಶ್ನೆ ಕೇಳಬಾರದು’ ಎಂದು ಯಜಮಾನರು ಇಬ್ಬರನ್ನೂ ಗದರಿದರು. ಅತ್ತೆ ಮುನಿಸಿಕೊಂಡು ಕಥೆ ಹೇಳುವುದನ್ನೇ ನಿಲ್ಲಿಸಿದ್ದಾರೆ. ಮನೆಯವರನ್ನು ಪ್ರೀತಿಸುವುದು ಕಲಿಯಲಿ ಅಂತ ಹೇಳಿಸಿದ ಕಥೆಗಳು ಹೀಗಾದವಲ್ಲ! ನಿಲ್ಲಿಸಿಬಿಡಲಾ? ಮಗನ ನಂಬಿಕೆಗೆ, ಈಮಾನ್‌ಗೆ ಏನಾದರೂ ಆಗಿದೆಯಾ?

ಉತ್ತರ: ಅಸ್ಸಲಾಮು ಅಲೈಕುಮ್ ಸಹೋದರಿ. ಕೊನೆಯ ಪ್ರಶ್ನೆಗೇ ಮೊದಲು ಉತ್ತರ ಹೇಳಿಬಿಡುತ್ತೇನೆ. ಈಮಾನ್‌ಗೆ ಏನೂ ಆಗಿಲ್ಲ. ನಂಬದ ಮಗು ಹೆದರುವುದಿಲ್ಲ. ನಿಮ್ಮ ಮಗ ದಾದಿಯ (ಅಜ್ಜಿಯ) ಮಾತನ್ನು ಪೂರ್ತಿ ನಂಬಿದ್ದಾನೆ, ಅದೇ ಅವನ ಕಷ್ಟ. ಕಥೆಯಲ್ಲಿ ಒಬ್ಬ ಅಪ್ಪ, ಒಬ್ಬ ಮಗ, ಒಂದು ಚೂರಿ, ಒಂದು ಪ್ರಾಣಿ. ನಿಮ್ಮ ಮನೆಯಲ್ಲೂ ಆ ವಾರ ಅವು ನಾಲ್ಕೂ ಇದ್ದವು. 7 ವರ್ಷದವನು ಲೆಕ್ಕ ಹಾಕಿದ, ಅಷ್ಟೇ.

ನಾನು ಆಲಿಮಾ, ಅಂದರೆ ಧರ್ಮ ಓದಿದ ಪಂಡಿತೆ, ಅಲ್ಲ. ಮಕ್ಕಳ ಆಪ್ತ ಸಮಾಲೋಚನೆ ನನ್ನ ವೃತ್ತಿ. ಕೆಲವು ವರ್ಷ ಮಕ್ತಬ್ (ಮಕ್ಕಳ ಧಾರ್ಮಿಕ ಪಾಠಶಾಲೆ) ಒಂದರಲ್ಲಿ ಭಾನುವಾರದ ತರಗತಿಯಲ್ಲಿ ಮಕ್ಕಳಿಗೆ ಕಥೆ ಹೇಳಿದ್ದೇನೆ. ಮಸಲೆಗಳಿದ್ದರೆ, ಅಂದರೆ ಧಾರ್ಮಿಕ ವಿಧಿಯ ಪ್ರಶ್ನೆಗಳಿದ್ದರೆ, ನಿಮ್ಮ ಇಮಾಮರನ್ನು ಕೇಳಿ. ಕಥೆ ಮಗುವಿನ ತಲೆಯೊಳಗೆ ಹೋಗಿ ಏನಾಗುತ್ತದೆ ಎಂಬುದನ್ನು ಮಾತ್ರ ನಾನು ಹೇಳಬಲ್ಲೆ.

ಮೊದಲು ಇಬ್ರಾಹೀಮರ (ಅ: ಅಲೈಹಿಸ್ಸಲಾಮ್, ಅವರ ಮೇಲೆ ಶಾಂತಿಯಿರಲಿ) ಕಥೆ. ನಮ್ಮ ಮನೆಗಳಲ್ಲಿ ಇದನ್ನು ಹೇಳುವಾಗ ಕಣ್ಣಿಗೆ ಬಟ್ಟೆ ಕಟ್ಟಿದ್ದು, ಹಗ್ಗ ಬಿಗಿದದ್ದು, ಎಷ್ಟು ಸಲ ಉಜ್ಜಿದರೂ ಚೂರಿ ಹರಿಯದೇ ಇದ್ದದ್ದು, ಇವನ್ನೇ ಹಿಗ್ಗಿಸಿ ಹಿಗ್ಗಿಸಿ ಹೇಳುತ್ತೇವೆ. ಕುರ್‌ಆನಿನ 37ನೇ ಸೂರಾ (ಅಧ್ಯಾಯ) ಅಸ್ಸಾಫ್ಫಾತ್ ತೆಗೆದು ನೋಡಿ. ಅಲ್ಲಿ ಬಟ್ಟೆಯಿಲ್ಲ, ಹಗ್ಗವಿಲ್ಲ, ಚೂರಿ ಎಂಬ ಪದವೂ ಇಲ್ಲ. ಅವು ಆಮೇಲೆ ಕಥೆ ಹೇಳುವವರ ಬಾಯಲ್ಲಿ ಬೆಳೆದ ವಿವರಗಳು. ಅಲ್ಲಿರುವುದನ್ನು ನಾವು ಬಿಟ್ಟುಬಿಡುತ್ತೇವೆ. 100ನೇ ವಚನದಲ್ಲಿ ಇಬ್ರಾಹೀಮರು ಮಗುವಿಗಾಗಿ ಬೇಡುತ್ತಾರೆ. ಮುಂದಿನ ವಚನದಲ್ಲಿ ತಾಳ್ಮೆಯ ಮಗನ ಶುಭವಾರ್ತೆ. ಆ ಮಗ ಅಪ್ಪನ ಜೊತೆ ಓಡಾಡಿ ಕೆಲಸ ಮಾಡುವಷ್ಟು ದೊಡ್ಡವನಾದ ಮೇಲೆ ಕನಸಿನ ಮಾತು. ಆಗ ಅಪ್ಪ ಮಗನನ್ನು ಎಳೆದೊಯ್ಯುವುದಿಲ್ಲ. ಎದುರು ಕೂರಿಸಿಕೊಂಡವರ ಹಾಗೆ ಕೇಳುತ್ತಾರೆ: ಹೀಗೆ ಕನಸು ಕಾಣುತ್ತಿದ್ದೇನೆ, ನೀನೇನು ಹೇಳುತ್ತೀ? ಪ್ರವಾದಿಯೊಬ್ಬರು ತಮ್ಮ ಮಗನ ಅಭಿಪ್ರಾಯ ಕೇಳಿದ್ದಾರೆ. ಕೊನೆಗೆ ಯಾರಿಗೂ ಏನೂ ಆಗುವುದಿಲ್ಲ. ಕೂಗಿ ತಡೆಯಲಾಗುತ್ತದೆ, ಮಗನ ಬದಲಿಗೆ ಪ್ರಾಣಿ ಬರುತ್ತದೆ.

ಅಂದರೆ ಇದು ಬೇಡಿ ಪಡೆದ ಮಗನ ಕಥೆ, ಉಳಿದ ಮಗನ ಕಥೆ. ನಾವು ನಡುವಿನ ಎರಡು ನಿಮಿಷವನ್ನೇ ಹಿಡಿದು ಹೇಳಿದರೆ ಮಗುವಿಗೆ ಆ ಎರಡು ನಿಮಿಷವೇ ಉಳಿಯುತ್ತದೆ.

ಅವನ ಕನಸಿನ ಪ್ರಶ್ನೆಗೆ ನೇರ ಉತ್ತರ ಬೇಕು. ‘ಹಾಗೆಲ್ಲ ಯೋಚಿಸಬಾರದು’ ಎಂದರೆ ಮಗು ಯೋಚಿಸುವುದನ್ನು ಬಿಡುವುದಿಲ್ಲ, ನಮಗೆ ಹೇಳುವುದನ್ನು ಬಿಡುತ್ತದೆ. ಸಂತೋಷದ ವಿಷಯವೆಂದರೆ ಉತ್ತರ ನಮ್ಮ ಧರ್ಮದಲ್ಲೇ, ದೀನ್‌ನಲ್ಲೇ ಗಟ್ಟಿಯಾಗಿದೆ. ಪ್ರವಾದಿಗಳ ಕನಸು ವಹೀ, ಅಂದರೆ ಅಲ್ಲಾಹನಿಂದ ಬಂದ ಸಂದೇಶ. ಪ್ರವಾದಿ ಮುಹಮ್ಮದರ (ಸ: ಸಲ್ಲಲ್ಲಾಹು ಅಲೈಹಿ ವಸಲ್ಲಮ್) ನಂತರ ಇನ್ನು ಪ್ರವಾದಿಗಳಿಲ್ಲ. ಆದ್ದರಿಂದ ಇವತ್ತು ಯಾರಿಗೆ ಯಾವ ಕನಸು ಬಿದ್ದರೂ ಅದು ಆಜ್ಞೆಯಾಗುವುದಿಲ್ಲ. ಇದನ್ನು 7 ವರ್ಷದವನ ಭಾಷೆಯಲ್ಲಿ ಹೇಳುವುದಾದರೆ: ‘ಆ ಕನಸು ನಬಿಯವರಿಗೆ ಮಾತ್ರ ಬಂದದ್ದು. ಅಬ್ಬಾ ನಬಿ ಅಲ್ಲ. ಅಬ್ಬಾಗೆ ಕೆಟ್ಟ ಕನಸು ಬಿದ್ದರೆ ಎದ್ದು ನೀರು ಕುಡಿದು, ಅಊದು ಬಿಲ್ಲಾಹ್ (ಅಲ್ಲಾಹನ ರಕ್ಷೆ ಬೇಡುವ ಮಾತು) ಹೇಳಿ, ಮಗ್ಗುಲು ಬದಲಿಸಿ ಮಲಗ್ತಾರೆ.’

ಇದನ್ನು ನೀವು ಹೇಳಿದರೆ ಸಾಲದು. ಅವನು ಹೆದರಿರುವುದು ಅಪ್ಪನಿಗೆ, ಅಪ್ಪನೇ ಹೇಳಬೇಕು. ದೊಡ್ಡ ಸಭೆ ಮಾಡುವುದು ಬೇಡ. ಗಾಡಿಯ ಮೇಲೆ ಮುಂದೆ ಕೂರಿಸಿಕೊಂಡು ಹೋಗುವಾಗ, ಉಗುರು ಕತ್ತರಿಸುವಾಗ ಹೇಳಿದರೂ ನಡೆಯುತ್ತದೆ. ಮುಖ ನೋಡದೆ ಕೈ ಕೆಲಸದಲ್ಲಿರುವಾಗ ಗಂಡುಮಕ್ಕಳು ಇಂಥ ಮಾತನ್ನು ಹೆಚ್ಚು ಕೇಳಿಸಿಕೊಳ್ಳುತ್ತಾರೆ ಎಂಬುದು ನನ್ನ ಅನುಭವ.

ಇನ್ನೊಂದು ವಿಷಯ ವಿಚಾರಿಸಿ. ಆ ಹತ್ತು ದಿನದಲ್ಲಿ ಚಾಚಾನೋ ಮಾಮೂನೋ ‘ಈ ಸಲ ಹೋತ ತುಟ್ಟಿ, ನಿನ್ನನ್ನೇ ಕೊಟ್ಟುಬಿಡೋಣ’ ಅಂತ ತಮಾಷೆ ಮಾಡಿದ್ದಾರಾ? ಬಕ್ರೀದ್ ಮುಗಿದ ಮೇಲೆ ನನ್ನ ಬಳಿ ಬರುವ ಪುಟ್ಟ ಮಕ್ಕಳ ಹೆದರಿಕೆಯ ಬೇರು ಬಹಳ ಸಲ ಕಥೆಯಲ್ಲಿರುವುದಿಲ್ಲ, ಹೀಗೆ ನಕ್ಕು ಆಡಿದ ಒಂದು ಮಾತಿನಲ್ಲಿರುತ್ತದೆ. ಆಡಿದವರಿಗೆ ನೆನಪೂ ಇರುವುದಿಲ್ಲ.

ಹಾಗೆಯೇ ಕಥೆಯನ್ನು ಕೋಲು ಮಾಡಿಕೊಳ್ಳುವ ಚಾಳಿ. ‘ಇಸ್ಮಾಯೀಲ್ ಅಲೈಹಿಸ್ಸಲಾಮ್ ಪ್ರಾಣ ಕೊಡೋಕೆ ಹೂಂ ಅಂದರು, ನಿನಗೆ ಒಂದು ಬಿಂದಿಗೆ ನೀರು ತರೋಕೆ ಆಗಲ್ವಾ?’ ನಾನೂ ಅಂದಿದ್ದೇನೆ, ನನ್ನ ಮಗ ಈಗಲೂ ಆಡಿಕೊಳ್ಳುತ್ತಾನೆ. ಹೀಗೆ ಹೇಳಿದಾಗ ಮಗು ಪ್ರವಾದಿಯನ್ನು ಪ್ರೀತಿಸುವುದಿಲ್ಲ, ತನ್ನನ್ನು ಸೋಲಿಸಲು ಕರೆತಂದ ಪಕ್ಕದ ಮನೆಯ ಜಾಣ ಹುಡುಗನ ಜಾಗದಲ್ಲಿ ಇಟ್ಟು ನೋಡುತ್ತದೆ. ಮಗನ ಅಭಿಪ್ರಾಯ ಕೇಳಿದ ಅಪ್ಪನ ಕಥೆಯನ್ನು ಮಗನ ಬಾಯಿ ಮುಚ್ಚಿಸಲು ಬಳಸುವುದು ಎಂಥ ವಿಚಿತ್ರ ನೋಡಿ.

ಪ್ರವಾದಿಗಳ ಮನೆ ಎಂದರೆ ಜಗಳ, ಕಣ್ಣೀರು, ಅಸೂಯೆ ಏನೂ ಇಲ್ಲದ ಮನೆ ಎಂದು ಹಲವರು ತಿಳಿದಿದ್ದಾರೆ. ಮಕ್ಕಳಿಗೂ ಹಾಗೇ ಹೇಳುತ್ತಾರೆ. ಇದ್ದದ್ದು ಬೇರೆ. ಇಬ್ರಾಹೀಮರ ತಂದೆ ಮಗನಿಗೆ ಕಲ್ಲೆಸೆಯುತ್ತೇನೆ ಎಂದರು. ಯೂಸುಫರನ್ನು ಬಾವಿಗೆ ಹಾಕಿದವರು ಅಣ್ಣಂದಿರೇ. ಮೂಸಾ (ಅ) ಸಿಟ್ಟಿನಲ್ಲಿ ಅಣ್ಣ ಹಾರೂನರ ಗಡ್ಡ ಹಿಡಿದಾಗ ಅವರು ‘ನನ್ನ ತಾಯಿಯ ಮಗನೇ, ಬಿಡು’ ಎಂದರು. ನೂಹರ (ಅ) ಮಗ ಹಡಗು ಹತ್ತಲಿಲ್ಲ. ಜಗಳವಾಡುವ ಮನೆಯಿಂದ ಬಂದ ಮಗುವಿಗೆ ಈ ಕಥೆಗಳು ಒದಗುವುದೇ ಇದರಿಂದ.

ಆದರೆ ಯಾವ ಮಗುವಿಗೆ ಯಾವುದು ಎಂಬುದನ್ನು ನೋಡಬೇಕು. ನಾನು ಇದನ್ನು ಕಲಿತದ್ದು ಒಂದು ತಪ್ಪಿನಿಂದ. ಭಾನುವಾರದ ತರಗತಿಯಲ್ಲಿ ಒಮ್ಮೆ ನೂಹರ ಪ್ರವಾಹದ ಕಥೆಯನ್ನು ಚೆನ್ನಾಗಿ, ಅಂದರೆ ಅಲೆಗಳ ಸದ್ದು ಮಾಡಿಕೊಂಡು, ಹೇಳುತ್ತಿದ್ದೆ. ‘ಅಲೆ ಅಪ್ಪ ಮಗನ ನಡುವೆ ಬಂತು, ಮಗ ಮುಳುಗಿದ’ ಎಂದೆ. ಹಿಂದಿನ ಸಾಲಿನ ಹುಡುಗನೊಬ್ಬ ಕೇಳಿದ: ‘ಕೆಟ್ಟವರು ಮಾತ್ರ ಮುಳುಗೋದಾ ಆಪಾ?’ ಅವನ ಅಣ್ಣ ಹಿಂದಿನ ಬೇಸಗೆಯಲ್ಲಿ ಕಾಲುವೆಯಲ್ಲಿ ಮುಳುಗಿ ಹೋಗಿದ್ದ. ನನಗೆ ಗೊತ್ತಿರಲಿಲ್ಲ, ವಿಚಾರಿಸಿಯೂ ಇರಲಿಲ್ಲ. ಏನೋ ತಡವರಿಸಿದೆ. ಮುಂದಿನ ವಾರದಿಂದ ಅವನು ಬರಲಿಲ್ಲ. ನಾನು ಅವತ್ತು ಹೇಳಬೇಕಿದ್ದದ್ದು, ನೂಹರು ಅಲೆ ಏಳುವ ಹೊತ್ತಿನಲ್ಲೂ ಮಗನನ್ನು ಹೇಗೆ ಕರೆದರು ಎಂಬುದನ್ನು. ಅಷ್ಟು ವರ್ಷ ಮಾತು ಕೇಳದ ಮಗನನ್ನು ಅವರು ‘ಎಲೋ’ ಎನ್ನಲಿಲ್ಲ. ‘ಯಾ ಬುನಯ್ಯ’ ಎಂದರು.

ಈ ಪದದ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ನೀವು ಕೇಳಿದ ಪ್ರೀತಿ ಇರುವುದು ಇಲ್ಲೇ. ಅರಬಿಯಲ್ಲಿ ‘ಇಬ್ನ್’ ಎಂದರೆ ಮಗ. ‘ಬುನಯ್ಯ’ ಎಂದರೆ ಅದೇ ಪದ ಮುದ್ದಿನಲ್ಲಿ ಚಿಕ್ಕದಾದದ್ದು. ನಮ್ಮಲ್ಲಿ ಹೇಳುವುದಾದರೆ ಕಂದಾ, ಪುಟ್ಟಾ. ಕುರ್‌ಆನಿನಲ್ಲಿ ಈ ಕರೆ ಆರು ಕಡೆ ಬರುತ್ತದೆ: ನೂಹ್ ಮುಳುಗುವ ಮಗನಿಗೆ, ಯಅಕೂಬ್ (ಅ) ಕನಸು ಕಂಡ ಯೂಸುಫರಿಗೆ, ಇಬ್ರಾಹೀಮ್ ಆ ಕಠಿಣ ಮಾತನ್ನು ಹೇಳುವ ಮೊದಲು, ಮತ್ತೆ ಲುಕ್ಮಾನರು ಬುದ್ಧಿ ಹೇಳುವಾಗ ಮೂರು ಸಲ. ಆ ಕಡೆಯಿಂದ ಮಕ್ಕಳು ಕರೆಯುವುದು ‘ಯಾ ಅಬತಿ’, ಅಪ್ಪಾಜಿ ಎಂದಂತೆ. ಅದು ಎಂಟು ಕಡೆ. ಅದರಲ್ಲಿ ನಾಲ್ಕು, ಮೂರ್ತಿಪೂಜೆ ಬಿಡದ, ಕಲ್ಲೆಸೆಯುತ್ತೇನೆಂದ ಅಪ್ಪನೆದುರು ಇಬ್ರಾಹೀಮರು ನಿಂತು ಕರೆದದ್ದು. ಅಪ್ಪ ಮನೆ ಬಿಟ್ಟು ತೊಲಗು ಎಂದಾಗಲೂ ‘ನಿಮ್ಮ ಮೇಲೆ ಸಲಾಮ್’ ಎಂದೇ ಹೊರಟರು.

ಆದ್ದರಿಂದ ನಾನು ತಾಯಂದಿರಿಗೆ ಹೇಳುವುದು, ಕಥೆಯ ನೀತಿಯನ್ನು ಕೊನೆಯಲ್ಲಿ ಅಂಟಿಸಬೇಡಿ, ಕರೆಯುವ ದನಿಯನ್ನು ಸರಿಯಾಗಿ ಹೇಳಿ. ನಿಮ್ಮ ಮನೆಮಾತು ದಖನಿ ಉರ್ದು ಇರಬೇಕು. ‘ಬೇಟಾ’ ಎಂದು ದಾದಿ ಹೇಗೆ ಕರೆಯುತ್ತಾರೋ ಅದೇ ರಾಗದಲ್ಲಿ ಇಬ್ರಾಹೀಮರು ಕರೆಯಲಿ. ಅವನಿಗೆ ಕನ್ನಡ ಶಾಲೆಯ ಕನ್ನಡವೇ ಸಲೀಸಾದರೆ ‘ಕಂದಾ’ ಎನ್ನಿ. ಉರ್ದುವಿನಲ್ಲಿ ಹೇಳಿದರೆ ಮಾತ್ರ ದೀನಿ ಕಥೆ ಎಂಬುದಕ್ಕೆ ಯಾವ ಆಧಾರವೂ ಇಲ್ಲ.

ಈಗ ನಿಮ್ಮ ಮಗಳು. ಅವಳ ಮಾತು ಯೂಸುಫರ ಬಗ್ಗೆ ಅಲ್ಲ, ನಿಮ್ಮ ಮನೆಯ ಬಗ್ಗೆ. 12ನೇ ಸೂರಾದ 8ನೇ ವಚನದಲ್ಲಿ ಅಣ್ಣಂದಿರು ‘ನಮಗಿಂತ ಯೂಸುಫ್ ಮತ್ತು ಅವನ ತಮ್ಮನ ಮೇಲೇ ಅಪ್ಪನಿಗೆ ಹೆಚ್ಚು ಪ್ರೀತಿ’ ಎನ್ನುತ್ತಾರೆ. 11 ವರ್ಷದ ಹುಡುಗಿಗೆ ತನ್ನ ನಾಲಗೆಯ ತುದಿಯಲ್ಲಿದ್ದ ಮಾತು ಅಲ್ಲಿ ಸಿಕ್ಕಿತು. ಯಅಕೂಬರು ಅನ್ಯಾಯ ಮಾಡಿದರು ಎಂದು ಕುರ್‌ಆನ್ ಹೇಳುವುದಿಲ್ಲ, ಅದನ್ನು ಅವಳಿಗೆ ಸ್ಪಷ್ಟ ಮಾಡಿ. ಹೊಟ್ಟೆಕಿಚ್ಚಿಗೆ ಕಾರಣ ಸಿಕ್ಕಿದ ಮಾತ್ರಕ್ಕೆ ಬಾವಿಗೆ ನೂಕುವುದು ಸರಿಯಾಗುವುದಿಲ್ಲ ಎಂಬುದನ್ನೂ. ಅಷ್ಟು ಹೇಳಿ ನಿಲ್ಲಿಸಬೇಡಿ, ಕೇಳಿ: ‘ನಿನಗೆ ಯಾವಾಗ ಹಾಗನ್ನಿಸುತ್ತೆ?’ ಉತ್ತರ ಸಣ್ಣದಿರುತ್ತದೆ. ತಮ್ಮ ಹೋಂವರ್ಕ್ ಬಿಟ್ಟರೆ ಬೈಯಲ್ಲ. ಲೆಗ್ ಪೀಸ್ ಅವನಿಗೇ. ಈದ್‌ಗಾಕ್ಕೆ ಅವನನ್ನು ಮಾತ್ರ ಕರೆದುಕೊಂಡು ಹೋಗುತ್ತಾರೆ, ನಾನು ಅಡುಗೆಮನೆಯಲ್ಲಿ.

ಈ ಭಾಗವನ್ನು ನಿಮ್ಮ ಯಜಮಾನರಿಗೆ ಓದಿ ಹೇಳಿ. ಪ್ರವಾದಿಯವರ ಕಾಲದ ನುಅಮಾನ್ ಬಿನ್ ಬಶೀರ್ ಎಂಬವರಿಗೆ ಮಾತ್ರ ಅವರ ತಂದೆ ಉಡುಗೊರೆ ಕೊಟ್ಟು, ಪ್ರವಾದಿಯವರನ್ನು (ಸ) ಸಾಕ್ಷಿ ಮಾಡಿಕೊಳ್ಳಲು ಬಂದರು. ‘ಎಲ್ಲ ಮಕ್ಕಳಿಗೂ ಹೀಗೇ ಕೊಟ್ಟಿದ್ದೀಯಾ?’ ಎಂದು ಪ್ರವಾದಿ ಕೇಳಿದರು. ಇಲ್ಲ ಎಂದಾಗ, ‘ಅಲ್ಲಾಹನಿಗೆ ಹೆದರಿ, ಮಕ್ಕಳ ನಡುವೆ ನ್ಯಾಯ ಪಾಲಿಸಿ’ ಎಂದರು. ಅಪ್ಪ ಹೋಗಿ ಉಡುಗೊರೆ ಹಿಂತೆಗೆದುಕೊಂಡರು. ಬುಖಾರಿ ಸಂಗ್ರಹದಲ್ಲಿರುವ ಹದೀಸು (ಪ್ರವಾದಿಯವರ ನಡೆನುಡಿಯ ವರದಿ) ಇದು. ಇದೇ ಪ್ರವಾದಿ ಮಗಳು ಫಾತಿಮಾ ಬಂದಾಗ ಎದ್ದು ನಿಂತು, ಮುತ್ತಿಟ್ಟು, ತಾವು ಕೂತ ಜಾಗದಲ್ಲಿ ಕೂರಿಸುತ್ತಿದ್ದರು. ಮೊಮ್ಮಗಳು ಉಮಾಮಾಳನ್ನು ನಮಾಜಿನಲ್ಲೇ ಎತ್ತಿಕೊಂಡಿದ್ದರು. ಗಂಡುಮೊಮ್ಮಕ್ಕಳು ಹಸನ್, ಹುಸೈನ್ ಕಥೆ ಎಲ್ಲರಿಗೂ ಗೊತ್ತು. ಉಮಾಮಾಳದ್ದು ನಮ್ಮ ಎಷ್ಟು ಹೆಣ್ಣುಮಕ್ಕಳಿಗೆ ಗೊತ್ತು?

ನಿಮ್ಮ ಮಗಳಿಗೆ ಮೂಸಾರ ಅಕ್ಕನ ಕಥೆ ಕೊಡಿ. 28ನೇ ಸೂರಾ ಅಲ್ ಕಸಸ್‌ನಲ್ಲಿ ಇದೆ. ಅಮ್ಮ ಕೂಸನ್ನು ನದಿಗೆ ಬಿಟ್ಟಳು. ಅಕ್ಕ ಯಾರಿಗೂ ಅನುಮಾನ ಬಾರದಂತೆ ದೂರದಿಂದ ನೋಡುತ್ತಲೇ ಹಿಂಬಾಲಿಸಿದಳು, ದೊರೆ ಫಿರ್‌ಔನನ ಮನೆಯವರ ಎದುರೇ ನಿಂತು ‘ಇವನನ್ನು ಸಾಕುವ ಮನೆ ತೋರಿಸಲಾ?’ ಎಂದಳು. ಕೂಸು ಅಮ್ಮನ ಮಡಿಲಿಗೇ ವಾಪಸು ಬಂತು. ಕುರ್‌ಆನಿನಲ್ಲಿ ಅವಳ ಹೆಸರಿಲ್ಲ, ಆದರೆ ಅವಳ ಬುದ್ಧಿವಂತಿಕೆ ಪೂರ್ತಿ ಇದೆ. ಅವಳನ್ನು ಆದರ್ಶ ಅಂತ ತೋರಿಸಿ ‘ನೀನೂ ತಮ್ಮನ್ನ ಹಾಗೆ ನೋಡ್ಕೋ’ ಎಂದರೆ ಮಾತ್ರ ಎಲ್ಲ ಕೆಟ್ಟಂತೆ. ಸುಮ್ಮನೆ ಹೇಳಿ ಬಿಡಿ.

ಯೂಸುಫರ ಕಥೆಯನ್ನು ಬಿಡಲೂಬೇಡಿ. ಅದರ ಕೊನೆಯನ್ನು ನಾವು ಅವಸರದಲ್ಲಿ ಮುಗಿಸುತ್ತೇವೆ. ಅಣ್ಣಂದಿರು ಎದುರಿಗೆ ತಲೆತಗ್ಗಿಸಿ ನಿಂತಾಗ ಯೂಸುಫರು ‘ಇವತ್ತು ನಿಮ್ಮ ಮೇಲೆ ಯಾವ ದೂರೂ ಇಲ್ಲ’ ಎಂದರು. ಆಮೇಲೆ ಅಪ್ಪನೆದುರು ತಮ್ಮ ಕಷ್ಟ ಹೇಳಿಕೊಳ್ಳುವಾಗ ‘ಅಲ್ಲಾಹನು ನನ್ನನ್ನು ಸೆರೆಮನೆಯಿಂದ ಹೊರತಂದ’ ಎಂದರು. ಬಾವಿಯ ಹೆಸರೆತ್ತಲಿಲ್ಲ. ಅಣ್ಣಂದಿರು ಅಲ್ಲೇ ಇದ್ದರಲ್ಲ, ಅವರಿಗೆ ನಾಚಿಕೆಯಾಗದಿರಲಿ ಅಂತ, ಎಂದು ವ್ಯಾಖ್ಯಾನಕಾರರು ಬರೆದಿದ್ದಾರೆ. ಅಕ್ಕ ತಮ್ಮ ಜಗಳವಾಡಿ ರಾಜಿಯಾದ ಮೇಲೂ ಹಳೆಯದನ್ನು ಕೆದಕುವ ಮನೆಯಲ್ಲಿ ಈ ಒಂದು ವಿವರ ಹತ್ತು ಬುದ್ಧಿಮಾತಿಗಿಂತ ಹೆಚ್ಚು ಕೆಲಸ ಮಾಡುವುದನ್ನು ಕಂಡಿದ್ದೇನೆ. ಯೂಸುಫರನ್ನು ಮೋಹಿಸಿದ ಸಚಿವನ ಹೆಂಡತಿಯ ಪ್ರಸಂಗವನ್ನು ಚಿಕ್ಕವನಿಗೆ ಸದ್ಯ ಬಿಡಬಹುದು. ಬಿಡುವುದು ತಿರುಚುವುದಲ್ಲ.

ಕರಾವಳಿಯ ಕಡೆಯ ಒಂದು ಹುಡುಗಿಯ ನೆನಪಾಗುತ್ತದೆ. ಅಪ್ಪ ಸೌದಿಯಲ್ಲಿ, ಎರಡು ವರ್ಷಕ್ಕೊಮ್ಮೆ ಬರುವವರು. ಹೋಗುವಾಗ ಬಿಟ್ಟುಹೋದ ಅಂಗಿಯನ್ನು ಅವಳು ತಲೆದಿಂಬಿನ ಕೆಳಗಿಟ್ಟು ತೊಳೆಯಲು ಕೊಡುತ್ತಿರಲಿಲ್ಲ. ಇದೇನು ಹುಚ್ಚು ಅಂತ ಮನೆಯವರು ಕರೆತಂದಿದ್ದರು. ಯೂಸುಫರ ಅಂಗಿ ಹೊತ್ತ ಗುಂಪು ಇನ್ನೂ ದಾರಿಯಲ್ಲಿರುವಾಗಲೇ ಯಅಕೂಬರು ‘ನನಗೆ ಯೂಸುಫನ ವಾಸನೆ ಬರುತ್ತಿದೆ’ ಎಂದದ್ದು, ಅತ್ತು ಅತ್ತು ಬಿಳಿಯಾಗಿದ್ದ ಕಣ್ಣುಗಳಿಗೆ ಆ ಅಂಗಿ ಸೋಕಿ ದೃಷ್ಟಿ ಬಂದದ್ದು ಹೇಳಿದೆ. ಅವಳು ಏನೂ ಮಾತಾಡಲಿಲ್ಲ. ಅವಳ ಅಮ್ಮ ಅತ್ತರು. ಅಂಗಿಯನ್ನು ಆಮೇಲೆ ಯಾರೂ ಕೇಳಲಿಲ್ಲ ಎಂದು ತಿಳಿಯಿತು.

ನಿಲ್ಲಿಸಲಾ ಎಂದು ಕೇಳಿದ್ದೀರಿ. ಇಬ್ರಾಹೀಮರ ಬಲಿಯ ಭಾಗವನ್ನು ಒಂದೆರಡು ವರ್ಷ ಬದಿಗಿಡಬಹುದು, ಪಾಪವೇನಿಲ್ಲ. ಆದರೆ ಅವನು ಅದನ್ನು ಈಗಾಗಲೇ ಕೇಳಿಯಾಗಿದೆ. ಮುಂದಿನ ಹಬ್ಬದಲ್ಲಿ ಖುತುಬಾದಲ್ಲೋ (ಇಮಾಮರ ಪ್ರವಚನದಲ್ಲೋ), ಕಸಿನ್‌ಗಳ ಮೊಬೈಲಿನ ಕಾರ್ಟೂನಿನಲ್ಲೋ ಮತ್ತೆ ಸಿಗುತ್ತದೆ, ಆಗ ಪಕ್ಕದಲ್ಲಿ ನೀವಿರುವುದಿಲ್ಲ. ಬರೀ ಸಿಹಿ ಕಥೆಗಳಿಗೆ ಇಳಿಯುವುದು ಇನ್ನೊಂದು ದಾರಿ. ಆಮೇಲೆ 13, 14ಕ್ಕೆ ಕಠಿಣ ಭಾಗಗಳನ್ನು ವಾಟ್ಸ್‌ಆ್ಯಪಿನಲ್ಲಿ ಓದಿ, ‘ಅಮ್ಮಿ ನನ್ನಿಂದ ಮುಚ್ಚಿಟ್ಟರು’ ಅನ್ನಿಸುವ ಅಪಾಯ ಇದರಲ್ಲಿದೆ. ನಿಮ್ಮ ಜಾಗದಲ್ಲಿ ನಾನಿದ್ದರೆ, ಈಗ ಹೆದರಿಕೆಗೆ ಮಾತ್ರ ಉತ್ತರ ಕೊಟ್ಟು, ಕಥೆಯನ್ನು ಮುಟ್ಟದೆ, ಕೆಲವು ತಿಂಗಳು ಬೇರೆ ಕಥೆ ಹೇಳುತ್ತಿದ್ದೆ. ಬಕ್ರೀದ್ ಬರುವ ಜಿಲ್‌ಹಜ್ ತಿಂಗಳು ಮತ್ತೆ ಬರುವ ಮುಂಚೆ ‘ಯಾರಿಗೂ ಏನೂ ಆಗಲ್ಲ’ ಎಂಬಲ್ಲಿಂದಲೇ ಶುರುಮಾಡಿ, ಅಪ್ಪನ ಬಾಯಿಂದ, ಹಗಲು ಹೊತ್ತಿನಲ್ಲಿ ಮತ್ತೊಮ್ಮೆ ಹೇಳಿಸುತ್ತಿದ್ದೆ. ಅವನು ನಡುವೆ ಎದ್ದು ಹೋದರೆ ಹೋಗಲಿ. ಹಿಡಿದು ಕೂರಿಸಿ ಹೇಳಿದರೆ ಹೆದರಿಕೆ ಇಮ್ಮಡಿಯಾಗುತ್ತದೆ.

ಹಬ್ಬ ಮುಗಿದು ಒಂದು ತಿಂಗಳಾದ ಮೇಲೂ ಅಪ್ಪನ ಹತ್ತಿರ ಸುಳಿಯದಿದ್ದರೆ, ರಾತ್ರಿ ಚೀರಿ ಏಳುವುದು, ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವುದು ಮತ್ತೆ ಶುರುವಾಗುವುದು, ಶಾಲೆಗೆ ಒಲ್ಲೆ ಎನ್ನುವುದು ಕಂಡರೆ ಕಥೆಯಿಂದ ವಾಸಿ ಮಾಡಲು ಹೋಗಬೇಡಿ. ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ನಿಜವಾಗಿ ಹೊಡೆತ ಬಡಿತ ಇದ್ದರೆ ಅವನ ಹೆದರಿಕೆಗೆ ಕಥೆ ನೆಪ ಮಾತ್ರ. ಅದನ್ನು ನೀವೇ ಪ್ರಾಮಾಣಿಕವಾಗಿ ನೋಡಿಕೊಳ್ಳಬೇಕು.

ಅತ್ತೆಯ ಮುನಿಸು ಕರಗಿಸಿ. ನಿಮ್ಮ ಮನೆಯ ಅತಿ ಒಳ್ಳೆಯ ಕಥೆಗಾರ್ತಿ ಅವರು, ಇಲ್ಲದಿದ್ದರೆ ಹುಡುಗ ಇಷ್ಟು ಹೆದರುತ್ತಲೇ ಇರಲಿಲ್ಲ. ಅವರಿಗೆ ತಪ್ಪು ಹೇಳುವುದರ ಬದಲು ಒಂದು ಕಥೆ ಕೇಳಿ ಪಡೆಯಿರಿ: ಅಬೂ ಉಮೈರ್‌ನದ್ದು. ಅವನೊಬ್ಬ ಪುಟ್ಟ ಹುಡುಗ, ಪ್ರವಾದಿಯವರ ಸೇವಕ ಅನಸರ ತಮ್ಮ. ಒಂದು ಪುಟಾಣಿ ಹಕ್ಕಿ ಸಾಕಿದ್ದ, ಅದು ಸತ್ತುಹೋಯಿತು. ಹುಡುಗ ಸಪ್ಪಗೆ ಕೂತಿದ್ದಾಗ ಪ್ರವಾದಿ (ಸ) ಬಂದು, ದೊಡ್ಡವರನ್ನು ಕರೆಯುವ ಹಾಗೆ ಗೌರವದಿಂದ ಕರೆದು, ಪ್ರಾಸ ಸೇರಿಸಿ ಕೇಳಿದರು: ‘ಯಾ ಅಬಾ ಉಮೈರ್, ಮಾ ಫಅಲನ್ನುಗೈರ್?’ ಅಬೂ ಉಮೈರ್, ನಿನ್ನ ಪುಟ್ಟ ಹಕ್ಕಿ ಏನಾಯಿತಪ್ಪ?

ನಿಮ್ಮ ಪತ್ರದಲ್ಲಿ ಶೇರುವಿನ ಬಗ್ಗೆ ಎರಡೇ ಸಾಲು ಇದೆ. ಹೆಸರಿಟ್ಟು ಸೊಪ್ಪು ತಿನ್ನಿಸಿದವನನ್ನು ಅದರ ಬಗ್ಗೆ ಯಾರಾದರೂ ಕೇಳಿದಿರಾ? ಮುಂದಿನ ವರ್ಷ ಪ್ರಾಣಿಯನ್ನು ಹಬ್ಬದ ಹಿಂದಿನ ದಿನ ತರಬಹುದು, ಅಥವಾ ತಂದ ದಿನವೇ ಅದು ಯಾಕೆ ಬಂದಿದೆ ಎಂದು ಅವನಿಗೆ ಹೇಳಬಹುದು. ಅದು ಆಮೇಲಿನ ಮಾತು. ಇವತ್ತು ಸಂಜೆ ದಾದಿ ಅವನನ್ನು ಪಕ್ಕಕ್ಕೆ ಕರೆದು ‘ಬೇಟಾ, ಶೇರು ನೆನಪಾಗ್ತಾನಾ?’ ಅಂತ ಕೇಳಲಿ.